ಹಗ್ಗ ಹಿಡಿದವರಿಗೆಲ್ಲ ಒಂದು ಪಾಲು

ಸೆಪ್ಟೆಂಬರ್ 8ರ ಮೊಂತಿ ಹಬ್ಬ ಮುಗಿಯಿತೆಂದರೆ ನಮ್ಮ ಮನೆಯ ಮಕ್ಕಳ ಕಿವಿಗಳೆಲ್ಲ ಕಡಲಿನತ್ತ ತಿರುಗುತ್ತಿದ್ದವು. ಹಬ್ಬದಂದು ಹೊಸ ಅಕ್ಕಿಯ ಊಟ; ಆ ದಿನ ಮೀನು-ಮಾಂಸಕ್ಕೆ ಎಡೆಯಿಲ್ಲ. ಅನಂತರ ಮಳೆಗಾಲದ ಅಬ್ಬರವಿಳಿದು ನೀರು ತಿಳಿಯಾಗತೊಡಗುತ್ತಿದ್ದಂತೆ ಬಂಗುಡೆಯ ಹಿಂಡುಗಳು ದಡದತ್ತ ಬರುತ್ತಿದ್ದವು. ಅವುಗಳ ಹಿಂದೆಯೇ ನಮ್ಮ ಬಾಲ್ಯದ ಅತಿ ದೊಡ್ಡ ಸಂಭ್ರಮವಾದ ರಂಪಣಿಯೂ ಬರುತ್ತಿತ್ತು.

ಉಡುಪಿ ಸಮೀಪದ ಕೆಮ್ಮಣ್ಣು-ಹೂಡೆ ಕಡೆಯ ಕಿನಾರೆಯಲ್ಲಿ ನಮ್ಮ ಮನೆ. ಒಂದೆಡೆ ಸ್ವರ್ಣಾ ನದಿ, ಇನ್ನೊಂದೆಡೆ ಅರಬ್ಬೀ ಸಮುದ್ರ, ನಡುವೆ ತೆಂಗಿನ ತೋಟ. ಮೀನುಗಾರಿಕೆ ನಮ್ಮ ಕುಲಕಸುಬಲ್ಲ. ಆದರೂ ತಂದೆಯವರಿಗೆ ಗಾಳದ ಮೇಲೆ ಬಲು ಪ್ರೀತಿ. ಭಾನುವಾರದ ಪೂಜೆ, ಊಟ ಮುಗಿದು ಬಿಸಿಲು ಇಳಿದ ಮೇಲೆ ಮನೆಮಂದಿಯೆಲ್ಲ ಮರಳಿನ ಮೇಲಿರುತ್ತಿದ್ದೆವು. ಗಾಳಕ್ಕೆ ಸಿಗಡಿಯ ತುಂಡನ್ನು ಸಿಕ್ಕಿಸಿ, ಮೊಣಕಾಲುದ್ದದ ನೀರಿನಲ್ಲಿ ನಿಂತು ತಂದೆಯವರು ಅಲೆಗಳಾಚೆಗೆ ದಾರ ಬೀಸುತ್ತಿದ್ದರು. ಕಾಣೆ ಮೀನು ಕಚ್ಚಿದಾಗ ದಾರವನ್ನು ನಮ್ಮ ಕೈಗೆ ಕೊಟ್ಟು, ಅದರ ಜಗ್ಗಾಟವನ್ನು ನಾವೇ ಅನುಭವಿಸಲೆಂದು ಬಿಡುತ್ತಿದ್ದರು. ಇಗರ್ಜಿಯ ಸಂಜೆ ಗಂಟೆ ಕೇಳಿಸಿದೊಡನೆ ಎಲ್ಲರೂ ನಿಂತಲ್ಲೇ ಪ್ರಾರ್ಥನೆ ಹೇಳುತ್ತಿದ್ದೆವು. ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವೇ ಹಿಡಿದ ಮೀನಿನ ಸಾರಿಗೆ ಬೇರೆಯೇ ರುಚಿಯಿತ್ತು.

ರಂಪಣಿಯಾದರೋ ಒಂದು ಮನೆಯ ಕೆಲಸವಲ್ಲ, ಇಡೀ ಊರಿನದು. ಅನೇಕ ಮನೆಗಳ ಬಲೆಯ ತುಂಡುಗಳನ್ನು ಜೋಡಿಸಿ ಮಾಡಿದ ಆ ಮಹಾಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ದೋಣಿಯವರು ಮೀನಿನ ಹಿಂಡನ್ನು ಬಳಸಿಕೊಂಡು ಅರ್ಧಚಂದ್ರಾಕಾರದಲ್ಲಿ ಬಲೆಯನ್ನು ಇಳಿಸುತ್ತಾ ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಿದ್ದರು. ಬಳಿಕ ಎರಡೂ ಕಡೆಗಳಲ್ಲಿ ಜನ ಸಾಲುಗಟ್ಟಿ ಎಳೆಯಬೇಕು. ಮೊಗವೀರ ಬಂಧುಗಳೊಡನೆ ನಮ್ಮ ತಂದೆಯವರೂ ಹಗ್ಗಕ್ಕೆ ಹೆಗಲು ಕೊಡುತ್ತಿದ್ದರು. ಅಲ್ಲಿ ಜಾತಿ-ಮತದ ಮಾತಿರಲಿಲ್ಲ.

1969ರಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ ನಡೆದ ಒಂದು ಘಟನೆಯನ್ನು ಇಂದಿಗೂ ಮರೆತಿಲ್ಲ. ಬಲೆ ದಡ ಮುಟ್ಟಿ ಬೆಳ್ಳಿಯ ರಾಶಿಯಂತೆ ಮೀನು ಚಿಮ್ಮುತ್ತಿದ್ದಾಗ, ಹೊರಗೆ ಬಿದ್ದ ಎರಡು ಬಂಗುಡೆಗಳನ್ನು ಮೆಲ್ಲನೆ ಚಡ್ಡಿಯ ಜೇಬಿಗೆ ಸೇರಿಸಿದೆ. ತಂದೆಯವರು ಕಂಡರು. ಏನೂ ಬೈಯಲಿಲ್ಲ. ಕೈಹಿಡಿದು ತಾಂಡೇಲರ ಮುಂದೆ ನಿಲ್ಲಿಸಿ, “ತೆಗೆದದ್ದನ್ನು ಅಲ್ಲಿಡು” ಎಂದರು. ನಾನು ಅಳುತ್ತ ಇಟ್ಟೆ. ಆ ಹಿರಿಯರು ನಕ್ಕು, “ಇರಲಿ ಪೊರ್ಬುಗಳೇ, ಮಗು ಹಗ್ಗ ಹಿಡಿದದ್ದನ್ನು ನಾನು ನೋಡಿದ್ದೇನೆ. ಅವನಿಗೂ ಪಾಲುಂಟು” ಎಂದು ಹೇಳಿ ಒಂದು ಬೊಗಸೆ ಮೀನನ್ನು ಎಣಿಸದೆ ನನ್ನ ಮುಂದೆ ಸುರಿದರು. ಅನಂತರ, ದೂರದಲ್ಲಿ ಬುಟ್ಟಿ ಹಿಡಿದು ಕುಳಿತಿದ್ದ ವಿಧವೆಯೊಬ್ಬರಿಗೂ ಒಂದು ಪಾಲು ಹೋಯಿತು. ಆಕೆ ಹಗ್ಗ ಎಳೆದಿರಲಿಲ್ಲ. ಎಳೆಯುತ್ತಿದ್ದ ಗಂಡ ತೀರಿಕೊಂಡಿದ್ದ. ಮನೆಗೆ ಮರಳುವಾಗ ತಂದೆಯವರು ಹೇಳಿದ್ದು ಇಷ್ಟೇ: “ಕದ್ದದ್ದು ಎರಡು, ಕೊಟ್ಟದ್ದು ಎಷ್ಟು, ನೋಡಿದೆಯಾ?”

1970ರ ದಶಕದ ಮಧ್ಯಭಾಗದಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ದೋಣಿಗಳು ಬಂದವು. ದಡಕ್ಕೆ ಬರುವ ಮೊದಲೇ ಹಿಂಡುಗಳು ಆಳದಲ್ಲಿ ಸೆರೆಯಾಗತೊಡಗಿದವು. ಕಾದು ಕಾದು ಸೋತ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಹೊಸ ದೋಣಿಗಳಿಂದ ಹಲವರಿಗೆ ಅನ್ನ ದೊರೆಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮೀನಿನ ಹಂಚಿಕೆ ಮರಳ ದಿಬ್ಬದಿಂದ ಬಂದರಿನ ಹರಾಜುಕಟ್ಟೆಗೆ ಹೋಯಿತು. ಹಣವಿದ್ದವನು ಕೊಂಡ; ಬುಟ್ಟಿ ಹಿಡಿದು ಕುಳಿತವರನ್ನು ಕೇಳುವವರು ಉಳಿಯಲಿಲ್ಲ. ಅಲ್ಲಲ್ಲಿ ಕೈರಂಪಣಿ ಇಂದಿಗೂ ಉಳಿದಿದ್ದರೂ ಆ ದೊಡ್ಡ ಬಲೆಯ ಸಂಭ್ರಮ ಮತ್ತೆ ಕಾಣಲಿಲ್ಲ.

ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಪೇತ್ರನು 153 ದೊಡ್ಡ ಮೀನುಗಳ ಬಲೆಯನ್ನು ದಡಕ್ಕೆ ಎಳೆಯುತ್ತಾನೆ. ಅಷ್ಟು ಮೀನಿದ್ದರೂ ಬಲೆ ಹರಿಯುವುದಿಲ್ಲ. ಆ ವಾಚನ ಕೇಳಿದಾಗಲೆಲ್ಲ ನನಗೆ ನಮ್ಮ ಕಿನಾರೆ ನೆನಪಾಗುತ್ತದೆ. ಆ ಕಥೆಯಲ್ಲೂ ದಡದಲ್ಲಿ ಕೆಂಡ ಹೊತ್ತಿಸಿ, ದಣಿದು ಬಂದವರಿಗೆ ಉಣಬಡಿಸಲು ಒಬ್ಬನು ಕಾದಿದ್ದನಲ್ಲವೇ?

ತಂದೆಯವರು ಈಗಿಲ್ಲ. ಅವರ ಗಾಳದ ದಾರ ಸುತ್ತಿದ ಮರದ ತುಂಡು ಮಾತ್ರ ನಮ್ಮ ಮನೆಯ ಅಲ್ತಾರಿನ ಪಕ್ಕದ ಗೂಡಿನಲ್ಲಿದೆ. ಕಳೆದ ರಜೆಯಲ್ಲಿ ಊರಿಗೆ ಬಂದ ಮೊಮ್ಮಗನನ್ನು ಕಡಲ ಬದಿಗೆ ಕರೆದೊಯ್ದೆ. ಎರಡು ಗಂಟೆ ನಿಂತರೂ ದೊರೆತದ್ದು ಒಂದೇ ಕಾಣೆ. “ಇಷ್ಟೇನಾ ಅಜ್ಜ?” ಎಂದು ಅವನು ಮುಖ ಸಣ್ಣದು ಮಾಡಿದ. ಆ ಒಂದು ಮೀನನ್ನೇ ಹುರಿದು, ಮನೆಯಲ್ಲಿದ್ದ ಆರು ಮಂದಿಗೂ ಅವನ ಕೈಯಿಂದಲೇ ಹಂಚಿಸಿದೆ. ತನ್ನ ಪಾಲಿನ ಚೂರನ್ನು ಬಾಯಿಗಿಡುವ ಮೊದಲು ಅವನು ಒಮ್ಮೆ ಎಲ್ಲರ ತಟ್ಟೆಗಳನ್ನೂ ನೋಡಿದ. ನನಗೆ ಅಷ್ಟೇ ಸಾಕಾಗಿತ್ತು.