ಒಂದು ಕೇಬಲ್, ಎರಡು ಡ್ರೈವ್

ನಮ್ಮ ಆಪಾ ಮದುವೆಯ ವಿಡಿಯೋ ಮೂರು ಸಿಡಿಗಳಲ್ಲಿದೆ. ದಾದಾ ಬಂದವರನ್ನೆಲ್ಲ ಕೈಹಿಡಿದು ಕೂರಿಸುವುದು ಎರಡನೇ ಸಿಡಿಯಲ್ಲಿದೆ. ದಾದಾ ತೀರಿಕೊಂಡ ಮೇಲೆ ಮನೆಯಲ್ಲಿ ಅದೊಂದನ್ನೇ ಮತ್ತೆ ಮತ್ತೆ ಹಾಕಿ, ಗೀರು ಬಿದ್ದು, ಚಿತ್ರ ನಿಂತು ನಿಂತು ಬರತೊಡಗಿತು. ಡಿವಿಡಿಗೆ ಕಾಪಿ ಮಾಡೋಣವೆಂದರೆ ನಮ್ಮ ಹಳೆ ಕಂಪ್ಯೂಟರಿನ ಸಿಡಿ ಡ್ರೈವ್ ಓದುತ್ತದೆ, ಬರೆಯುವುದಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಡಿವಿಡಿ ರೈಟರ್ ಒಂದನ್ನು ತಂದು ನಾನೇ ಹಾಕಿದೆ.

ಸ್ವಿಚ್ ಒತ್ತಿದರೆ ವಿಂಡೋಸ್ ಬರಲಿಲ್ಲ. ಕಪ್ಪು ಪರದೆಯ ಮೇಲೆ 'ಡಿಸ್ಕ್ ಬೂಟ್ ಫೇಲ್ಯೂರ್' ಎಂದು ಬಂತು. ಆ ಹಾರ್ಡ್ ಡಿಸ್ಕ್‌ನಲ್ಲಿ ಅಬ್ಬಾ ಅಂಗಡಿಯ ಮೂರು ವರ್ಷದ ಟ್ಯಾಲಿ ಲೆಕ್ಕ ಇತ್ತು. ನಾನು ಕ್ಯಾಬಿನೆಟ್ ಬಿಚ್ಚಿದ್ದು ಅಬ್ಬಾಗೆ ಗೊತ್ತೇ ಇರಲಿಲ್ಲ. ಕೈಕಾಲು ತಣ್ಣಗಾದವು.

ಲೆಕ್ಕ ಎಲ್ಲೂ ಹೋಗಿರಲಿಲ್ಲ. ಪ್ಲಗ್ ಕಿತ್ತು, ಹೊಸ ಡ್ರೈವ್‌ನ ಕೇಬಲ್ ತೆಗೆದು ಮತ್ತೆ ಆನ್ ಮಾಡಿದಾಗ ಎಲ್ಲವೂ ಮೊದಲಿನಂತೆ ಬಂತು. ನಿಮಗೂ ಹೀಗಾದರೆ ಮೊದಲು ಇದನ್ನೇ ಮಾಡಿ. ಹೆದರಿ ವಿಂಡೋಸ್ ಹೊಸದಾಗಿ ಹಾಕಿಸಲು ಹೋಗಬೇಡಿ.

ಏನಾಗಿತ್ತೆಂದರೆ, ಹಳೆ ಕಂಪ್ಯೂಟರಿನಲ್ಲಿರುವ ಅಗಲ ಪಟ್ಟಿಯಂಥ ಐಡಿಇ ಕೇಬಲ್ ಒಂದಕ್ಕೆ ಎರಡು ಡ್ರೈವ್ ಹಾಕಬಹುದು. ಆದರೆ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಆಗಿರಬೇಕು. ಇವು ಬರೀ ಹೆಸರು, ಒಂದು ಇನ್ನೊಂದರ ಮೇಲೆ ದರ್ಬಾರು ಮಾಡುವುದಿಲ್ಲ. ಒಂದೇ ರೋಲ್ ನಂಬರ್ ಇಬ್ಬರಿಗೆ ಕೊಟ್ಟರೆ ಹಾಜರಿಯಲ್ಲಿ ಇಬ್ಬರೂ 'ಪ್ರೆಸೆಂಟ್ ಸರ್' ಎನ್ನುತ್ತಾರೆ, ಲೆಕ್ಚರರ್ ಯಾರನ್ನು ಬರೆದುಕೊಳ್ಳಬೇಕು? ನನ್ನ ರೈಟರ್ ಅಂಗಡಿಯಿಂದ ಬರುವಾಗಲೇ ಮಾಸ್ಟರ್ ಆಗಿತ್ತು. ಕೈಗೆ ಮೊದಲು ಸಿಕ್ಕಿತೆಂದು ನಾನು ಅದನ್ನು ಹಾರ್ಡ್ ಡಿಸ್ಕ್‌ನ ಕೇಬಲ್‌ಗೇ ಸಿಕ್ಕಿಸಿದ್ದೆ. ಅದೂ ಮಾಸ್ಟರ್.

ಹೆಸರು ಬದಲಿಸಲು ಸ್ಕ್ರೂಡ್ರೈವರ್ ಕೂಡ ಬೇಡ. ಡ್ರೈವ್‌ನ ಹಿಂಭಾಗದಲ್ಲಿ ಸಣ್ಣ ಪಿನ್‌ಗಳ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ತುಂಡು ಇರುತ್ತದೆ, ಅದೇ ಜಂಪರ್. ಮೇಲೆ ಎಂಎ, ಎಸ್‌ಎಲ್, ಸಿಎಸ್ ಎಂದು ಬರೆದಿರುತ್ತದೆ. ನಾನು ಅದನ್ನು ಎಸ್‌ಎಲ್‌ಗೆ ಸರಿಸಿ, ರೈಟರ್ ಅನ್ನು ಸಿಡಿ ಡ್ರೈವ್ ಇರುವ ಎರಡನೇ ಕೇಬಲ್‌ನ ನಡುವಿನ ಕನೆಕ್ಟರ್‌ಗೆ ಹಾಕಿದೆ. ಕೇಬಲ್‌ನ ಕೆಂಪು ಅಂಚು ಸಾಮಾನ್ಯವಾಗಿ ಕರೆಂಟ್ ವೈರ್‌ನ ಕಡೆಗೆ ಬರಬೇಕು. ಕನೆಕ್ಟರ್ ಕೂರದಿದ್ದರೆ ಒತ್ತಬೇಡಿ, ಪಿನ್ ಬಾಗಿದರೆ ಡ್ರೈವೇ ಹೋದಂತೆ. ಈಗಿನ ಸಾಟಾ ಡ್ರೈವ್‌ಗಳಿಗೆ ಈ ತಾಪತ್ರಯವಿಲ್ಲ, ಒಂದೊಂದಕ್ಕೂ ಬೇರೆ ಕೇಬಲ್.

ಎಲ್ಲ ಮುಗಿಯಿತೆಂದು ಸುಮ್ಮನಿದ್ದೆ. ರಾತ್ರಿ ಅಬ್ಬಾ ಟ್ಯಾಲಿ ಬ್ಯಾಕಪ್ ತೆಗೆಯಲು ಕುಳಿತರೆ ಆಗುತ್ತಿಲ್ಲ. "ಏನು ಮಾಡಿಟ್ಟಿದ್ದೀಯಾ?" ಎಂದರು. ಬೇರೆ ಯಾರ ಮೇಲೂ ಅನುಮಾನವಿಲ್ಲ! ಮೊದಲು ಪೆನ್‌ಡ್ರೈವ್‌ಗೆ 'ಎಫ್' ಅಕ್ಷರ ಸಿಗುತ್ತಿತ್ತು, ಬ್ಯಾಕಪ್ ಅಲ್ಲಿಗೇ ಹೋಗುತ್ತಿತ್ತು. ಈಗ ಎಫ್ ಅನ್ನು ರೈಟರ್ ತೆಗೆದುಕೊಂಡಿತ್ತು, ಪೆನ್‌ಡ್ರೈವ್ 'ಜಿ' ಆಗಿತ್ತು. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಮ್ಯಾನೇಜ್, ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋದರೆ ಡ್ರೈವ್‌ನ ಅಕ್ಷರ ಬದಲಿಸಬಹುದು. ರೈಟರ್‌ಗೆ 'ಆರ್' ಕೊಟ್ಟು, ಪೆನ್‌ಡ್ರೈವ್‌ಗೆ ಮತ್ತೆ ಎಫ್ ಕೊಟ್ಟೆ. ಬ್ಯಾಕಪ್ ಆಯಿತು. ಬೈಗುಳವೂ ಆಯಿತು, ಬೈದದ್ದು ನ್ಯಾಯವೇ. ಬ್ಯಾಕಪ್ ತೆಗೆಯದೆ ಕ್ಯಾಬಿನೆಟ್ ಬಿಚ್ಚಬಾರದಿತ್ತು.

ಒಂದೇ ಕೇಬಲ್‌ನಲ್ಲಿರುವ ಎರಡು ಡ್ರೈವ್‌ಗಳಲ್ಲಿ ಒಂದು ಸಲಕ್ಕೆ ಒಂದೇ ಮಾತಾಡಬಲ್ಲದು. ಆದ್ದರಿಂದ ಸಿಡಿಯಿಂದ ನೇರವಾಗಿ ಡಿವಿಡಿಗೆ ಬರೆಯದೆ ಮೊದಲು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ಹಳೆ ಡ್ರೈವ್ ಎರಡನೇ ಸಿಡಿಯನ್ನು ಅರ್ಧಕ್ಕೇ ಕೈಬಿಟ್ಟಿತು. ಅದನ್ನೇ ಹೊಸದರಲ್ಲಿ ಹಾಕಿದಾಗ ನಿಧಾನವಾಗಿಯಾದರೂ ಕೊನೆಯವರೆಗೆ ಓದಿತು. ದಾದಾ ಬಾಗಿಲಲ್ಲಿ ನಿಂತಿರುವಾಗ ಒಂದು ಕಡೆ ಚಿತ್ರ ಸ್ವಲ್ಪ ಹಾರುತ್ತದೆ. ಡಿವಿಡಿ ಎರಡು ಮಾಡಿದ್ದೇನೆ, ಒಂದು ಆಪಾ ಮನೆಯಲ್ಲಿದೆ.