ಟಿವಿ ದೊಡ್ಡವರದು, ಕಿವಿ ಕೂಸಿನದು

‘ನಮ್ಮ ಕೂಸು ಟಿವಿ ನೋಡುವುದೇ ಇಲ್ಲ, ತನ್ನ ಪಾಡಿಗೆ ಆಡಿಕೊಂಡಿರುತ್ತದೆ. ನೋಡುವವರು ನಾವು’ ಎನ್ನುವ ಮನೆಗಳು ಬಹಳ. ಆದರೆ ಕೊಪ್ಪಳವಿರಲಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇರಲಿ, ಹೆಚ್ಚಿನ ಮನೆಗಳಲ್ಲಿ ಟಿವಿ ಇರುವುದು ನಡುಮನೆಯಲ್ಲಿ. ಊಟ ಅಲ್ಲೇ, ಬಂದ ನೆಂಟರು ಕೂರುವುದು ಅಲ್ಲೇ, ತೊಟ್ಟಿಲೂ ಅಲ್ಲೇ. ಯಾರಿಗಾಗಿ ಹಚ್ಚಿದ್ದರೂ ಅದರ ಸದ್ದು ಕೂಸಿನ ಕಿವಿಗೆ ಬಿದ್ದೇ ಬೀಳುತ್ತದೆ.

ಎಷ್ಟು ಹೊತ್ತು ಟಿವಿ ತೋರಿಸಬಹುದು ಎಂಬುದಕ್ಕೆ ಉತ್ತರ ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡು ವರ್ಷ ತುಂಬುವವರೆಗೆ ಟಿವಿ, ಮೊಬೈಲ್ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ತಜ್ಞರ ಸಂಘವೂ ಇದನ್ನೇ ಹೇಳುತ್ತದೆ. ಆದರೆ ದೂರದಲ್ಲಿರುವ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ವಿಡಿಯೋ ಕರೆಗೆ ಅಡ್ಡಿಯಿಲ್ಲ ಎನ್ನುತ್ತದೆ. ದುಬೈಯಲ್ಲೋ ಸೌದಿಯಲ್ಲೋ ದುಡಿಯುವ ಅಬ್ಬಾನ ಮುಖವನ್ನು ಮಗು ಧಾರಾಳವಾಗಿ ನೋಡಲಿ.

ಹೆಚ್ಚು ಯೋಚಿಸಬೇಕಾದದ್ದು ಯಾರೂ ಗಮನವಿಟ್ಟು ನೋಡದಿದ್ದರೂ ಸುಮ್ಮನೆ ಓಡುತ್ತಿರುವ ಟಿವಿಯ ಬಗ್ಗೆ. ಅಮೆರಿಕದಲ್ಲಿ ಎರಡು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳ ಅಂಗಿಗೆ ಸಣ್ಣ ಧ್ವನಿಮುದ್ರಣ ಯಂತ್ರ ಸಿಕ್ಕಿಸಿ ದಿನವಿಡೀ ದಾಖಲಿಸಿದರು. 2009ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಟಿವಿ ಸದ್ದು ಕೇಳಿಬಂದ ಪ್ರತಿ ಒಂದು ತಾಸಿಗೆ ದೊಡ್ಡವರ ಬಾಯಿಂದ ಮಗು ಕೇಳುವ ಮಾತು ಸುಮಾರು 770 ಪದಗಳಷ್ಟು ಕಡಿಮೆಯಾಗಿತ್ತು. ಮಗುವಿನ ‘ಬಬ್ಬಬ್ಬ, ದದ್ದದ್ದ’ವೂ ಇಳಿದಿತ್ತು. ಧಾರಾವಾಹಿ ಹತ್ತಿದೊಡನೆ ದಾದಿಯೂ ಸುಮ್ಮನಾಗುತ್ತಾರೆ, ಅಮ್ಮಿಯೂ ಸುಮ್ಮನಾಗುತ್ತಾಳೆ. ಕೂಸು ‘ಆ’ ಎಂದರೆ ತಿರುಗಿ ‘ಏನಮ್ಮಾ?’ ಎನ್ನುವವರು ಇರುವುದಿಲ್ಲ. ಆಟಕ್ಕೂ ಪೆಟ್ಟು ಬೀಳುತ್ತದೆ. ದೊಡ್ಡವರ ಕಾರ್ಯಕ್ರಮವೊಂದು ಹಿನ್ನೆಲೆಯಲ್ಲಿ ಓಡುತ್ತಿದ್ದಾಗ ಒಂದರಿಂದ ಮೂರು ವರ್ಷದ ಮಕ್ಕಳು ಅದರತ್ತ ಹೆಚ್ಚು ನೋಡದಿದ್ದರೂ ಕೈಯಲ್ಲಿದ್ದ ಆಟವನ್ನು ಬೇಗ ಬಿಡುತ್ತಿದ್ದರು ಎಂದು ಇನ್ನೊಂದು ಅಧ್ಯಯನದಲ್ಲಿ ಕಂಡಿದೆ.

‘ಮನೆಯಲ್ಲಿ ಉರ್ದು, ಟಿವಿಯಿಂದಾದರೂ ಕನ್ನಡ ಕಲಿಯಲಿ’ ಎಂಬ ಮಾತೂ ಉಂಟು. ಈ ವಯಸ್ಸಿನಲ್ಲಿ ಪೆಟ್ಟಿಗೆಯಿಂದ ಕಲಿಯುವುದು ಅತ್ಯಲ್ಪ. ಪಕ್ಕದ ಮನೆಯ ಅಕ್ಕ ಎತ್ತಿಕೊಂಡು ‘ಚಂದಪ್ಪ ಎಲ್ಲಿ?’ ಎಂದು ಕೇಳಿದರೆ ಮಗು ಕನ್ನಡ ಕಲಿಯುತ್ತದೆ. ಎರಡು ಭಾಷೆ ಕೇಳಿ ಮಾತು ತಡವಾಗುತ್ತದೆ ಎಂಬ ಭಯವನ್ನೂ ಬಿಡಿ, ಅದಕ್ಕೆ ಆಧಾರವಿಲ್ಲ.

ಹಾಗೆಂದು ಟಿವಿಯನ್ನೇ ಮಾರಿಬಿಡಿ ಎಂದು ನಾವು ಹೇಳುತ್ತಿಲ್ಲ. ಗಂಗಾವತಿ ಕಡೆ ಭತ್ತದ ನಾಟಿಗೆ ಸೊಸೆ ಹೋದರೆ ಕೂಸು ದಾದಿಯ ಮಡಿಲಿಗೆ ಬರುತ್ತದೆ. ಮಂಡಿ ನೋವಿನ ದಾದಿಗೆ ಟಿವಿಯೊಂದೇ ಆಸರೆ. ಅವರಿಗೆ ಬುದ್ಧಿ ಹೇಳುವುದಕ್ಕಿಂತ ಹೊತ್ತು ಗೊತ್ತುಮಾಡಿಕೊಳ್ಳುವುದು ಜಾಣತನ. ಮಗು ಮಧ್ಯಾಹ್ನ ಮಲಗಿದಾಗ ಅವರ ಧಾರಾವಾಹಿ ನಡೆಯಲಿ. ಸಂಜೆಯದಕ್ಕೆ ದಾರಿ ನಮ್ಮಲ್ಲೇ ಇದೆ. ಮಗ್‌ರಿಬ್ ಅಝಾನ್ ಕೇಳಿದೊಡನೆ ಅನೇಕ ಮನೆಗಳಲ್ಲಿ ಟಿವಿ ಆರಿಸುವ ರೂಢಿಯುಂಟು. ನಮಾಝ್ ಮುಗಿದ ಮೇಲೆ ತಕ್ಷಣ ಹಚ್ಚಬೇಡಿ. ಕೂಸು ಉಂಡು ಮಲಗುವವರೆಗೆ ಆರಿಯೇ ಇರಲಿ. ಮೊದಲ ನಾಲ್ಕೈದು ದಿನ ಗಂಡಸರೇ ಹೆಚ್ಚು ಗೊಣಗುತ್ತಾರೆ, ಸುದ್ದಿ ನೋಡಬೇಕೆಂದು!

ಆ ಹೊತ್ತಿನಲ್ಲಿ ಆಟಿಕೆ ಕೊಳ್ಳಬೇಕಾಗಿಲ್ಲ. ರೊಟ್ಟಿ ಬಡಿಯುವಾಗ ಒಲೆಯಿಂದ ದೂರ ಕೂರಿಸಿ ಒಂದು ಸ್ಟೀಲ್ ಬಟ್ಟಲು, ಚಮಚ ಕೊಡಿ, ಕೆಲಸ ಮಾಡುತ್ತಲೇ ಮಾತಾಡಿಸಿ. ಕಿನ್ನಾಳದ ಮರದ ಗೊಂಬೆ ನಮ್ಮ ಜಿಲ್ಲೆಯ ಹೆಮ್ಮೆ, ಆದರೆ ಎಲ್ಲವನ್ನೂ ಬಾಯಿಗಿಡುವ ವಯಸ್ಸಿನಲ್ಲಿ ಬಣ್ಣದ ಗೊಂಬೆ ಬೇಡ, ಗೂಡಿನಲ್ಲಿಡಿ. ಟಿವಿ ತೋರಿಸುತ್ತಾ ತುತ್ತು ತುರುಕುವುದನ್ನೂ ನಿಲ್ಲಿಸಿ, ಹೊಟ್ಟೆ ತುಂಬಿದ್ದು ಮಗುವಿಗೇ ತಿಳಿಯುವುದಿಲ್ಲ. ನಡೆಯಲು ಕಲಿತ ಮಗು ಮೇಜು ಹಿಡಿದು ಏಳುತ್ತದೆ. ಟಿವಿ ಮೇಜಿನ ಮೇಲಿದ್ದರೆ ಗೋಡೆಗೆ ಭದ್ರಪಡಿಸಿ, ವೈರು ಕೈಗೆ ಸಿಗದಿರಲಿ.

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆಗೂ ಒಂದು ಮಾತೂ ಬರದಿದ್ದರೆ, ಎರಡಕ್ಕೂ ಎರಡು ಪದ ಕೂಡಿಸದಿದ್ದರೆ ಟಿವಿ ಆರಿಸಿ ಕಾಯುತ್ತಾ ಕೂರಬೇಡಿ. ‘ಗಂಡುಮಕ್ಕಳಿಗೆ ಮಾತು ತಡ’ ಎಂದೂ ಸಮಾಧಾನಪಟ್ಟುಕೊಳ್ಳಬೇಡಿ. ಮೊದಲು ಕಿವಿಯ ಪರೀಕ್ಷೆಯಾಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ಬಂದು ಉಚಿತವಾಗಿ ತಪಾಸಣೆ ಮಾಡುತ್ತದೆ. ಯಾವಾಗ ಬರುತ್ತದೆಂದು ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ತಡವಾಗುವಂತಿದ್ದರೆ ನೇರವಾಗಿ ಕೊಪ್ಪಳದ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕರೆದೊಯ್ಯಿರಿ, ತಾಯಿ ಕಾರ್ಡ್ ಜೊತೆಗಿರಲಿ.