ಸ್ತನದಲ್ಲಿ ಕಾಣುವ ಎಲ್ಲ ಗಂಟುಗಳೂ ಕ್ಯಾನ್ಸರ್ ಅಲ್ಲ

ಉಗರಗೋಳದಲ್ಲಾಗಲಿ, ಎಲ್ಲಮ್ಮನ ಗುಡ್ಡದ ಸುತ್ತಲಿನ ಬೇರೆ ಊರುಗಳಲ್ಲಾಗಲಿ, ಆಕಳಿಗೆ ಕೆಚ್ಚಲು ಬಾವು ಬಂದರೆ ಮನೆಮಂದಿಯೆಲ್ಲ ಆ ಬಗ್ಗೆ ಮಾತನಾಡುತ್ತಾರೆ, ಪಶುವೈದ್ಯರನ್ನು ಕರೆಸುತ್ತಾರೆ. ಅದೇ ಮನೆಯ ಹೆಣ್ಣುಮಗಳ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕರೆ ಅವಳು ತಾಯಿಯ ಮುಂದೆಯೂ ಬಾಯಿ ಬಿಡದಿರಬಹುದು. ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಕ್ಯಾನ್ಸರ್ ಇರಬಹುದೆಂಬ ಭಯ. ಆದರೆ ಸ್ತನದಲ್ಲಿ ಕಾಣಿಸಿಕೊಳ್ಳುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅವು ಯಾವುವು, ಏಕೆ ಆಗುತ್ತವೆ ಎಂಬುದನ್ನು ತಿಳಿದುಕೊಳ್ಳೋಣ.

ಮೊದಲು ಸ್ತನದ ರಚನೆ ನೋಡೋಣ. ಅದರೊಳಗೆ ಹಾಲು ತಯಾರಿಸುವ ಗ್ರಂಥಿಗಳ 15ರಿಂದ 20 ವಿಭಾಗಗಳಿರುತ್ತವೆ. ಹಾಲನ್ನು ಮೊಲೆತೊಟ್ಟಿನವರೆಗೆ ತರುವ ಸಣ್ಣ ನಾಳಗಳಿರುತ್ತವೆ. ಇವುಗಳ ನಡುವೆ ಕೊಬ್ಬು ಮತ್ತು ನಾರಿನಂಥ ಅಂಗಾಂಶ ತುಂಬಿಕೊಂಡಿರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಒಂದು ಸ್ತನ ಮೊದಲು, ಇನ್ನೊಂದು ನಂತರ ಬೆಳೆಯುವುದು, ಎರಡರ ಗಾತ್ರದಲ್ಲಿ ತುಸು ವ್ಯತ್ಯಾಸವಿರುವುದು ಸಹಜ.

ಈ ಗ್ರಂಥಿಗಳು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಹಿಡಿತದಲ್ಲಿವೆ. ಪ್ರತಿ ತಿಂಗಳು ಮುಟ್ಟಿಗೆ ಮುಂಚಿನ ದಿನಗಳಲ್ಲಿ ಅಂಗಾಂಶದಲ್ಲಿ ನೀರಿನಂಶ ಸೇರಿ ಎದೆ ಬಿಗಿದಂತಾಗುತ್ತದೆ, ನೋಯುತ್ತದೆ, ಮುಟ್ಟಿದರೆ ಗಂಟುಗಂಟಾಗಿ ತೋರುತ್ತದೆ. ಮುಟ್ಟು ಬಂದ ಮೇಲೆ ಇದು ತಾನಾಗಿಯೇ ಇಳಿಯುತ್ತದೆ. ಇದು ರೋಗವಲ್ಲ.

ಹದಿನೈದರಿಂದ ಮೂವತ್ತು ವರ್ಷದೊಳಗಿನವರಲ್ಲಿ ಹೆಚ್ಚಾಗಿ ಕಾಣುವ ಗಂಟಿಗೆ ಫೈಬ್ರೊಅಡಿನೋಮ ಎನ್ನುತ್ತಾರೆ. ಗ್ರಂಥಿ ಮತ್ತು ನಾರಿನ ಅಂಗಾಂಶಗಳೆರಡೂ ಒಂದೆಡೆ ಅತಿಯಾಗಿ ಬೆಳೆದು ಇದು ಉಂಟಾಗುತ್ತದೆ. ಸಾಮಾನ್ಯವಾಗಿ 1ರಿಂದ 3 ಸೆಂಟಿಮೀಟರ್ ಗಾತ್ರದ, ನುಣುಪಾದ, ರಬ್ಬರಿನಂಥ ಗುಂಡು. ನೋವಿರುವುದಿಲ್ಲ. ಒತ್ತಿದರೆ ಬೆರಳಿನಡಿಯಿಂದ ಜಾರಿಕೊಳ್ಳುತ್ತದೆ. ಚಿಕ್ಕದಾಗಿದ್ದರೆ ವೈದ್ಯರು ಆಗಾಗ ನೋಡುತ್ತಾರೆ, ಅಷ್ಟೆ. ಕೆಲವು ತಾವಾಗಿಯೇ ಕುಗ್ಗುತ್ತವೆ. ದೊಡ್ಡದಾಗುತ್ತಿದ್ದರೆ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ.

ಮೂವತ್ತೈದು ದಾಟಿದವರಲ್ಲಿ ನೀರು ತುಂಬಿದ ಚೀಲದಂಥ ಗಂಟುಗಳು ಹೆಚ್ಚು. ಸೂಜಿಯಿಂದ ಆ ನೀರನ್ನು ಹೊರತೆಗೆಯಬಹುದು. ಬಾಣಂತಿಯರಲ್ಲಿ ಹಾಲು ಕಟ್ಟಿಕೊಂಡಾಗ, ಬಿರುಕುಬಿಟ್ಟ ತೊಟ್ಟಿನ ಮೂಲಕ ರೋಗಾಣುಗಳು ಸೇರಿದರೆ ಎದೆ ಕೆಂಪಾಗಿ ಬಾತು ಜ್ವರ ಬರುತ್ತದೆ. ಆಗ ಮಗುವಿಗೆ ಹಾಲುಣಿಸುವುದನ್ನು ನಿಲ್ಲಿಸಬಾರದು. ಆದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೀವು ಕಟ್ಟಿದ್ದರೆ ಅದನ್ನು ಹೊರತೆಗೆಯಬೇಕಾಗುತ್ತದೆ.

ಹುಡುಗರಿಗೂ ಒಂದು ಮಾತು. ಹದಿಮೂರು, ಹದಿನಾಲ್ಕರ ವಯಸ್ಸಿನಲ್ಲಿ ಅನೇಕ ಹುಡುಗರಿಗೆ ತೊಟ್ಟಿನ ಹಿಂದೆ ಬಿಲ್ಲೆಯಂಥ ಗಂಟು ಬರುತ್ತದೆ. ಇದಕ್ಕೂ ಹಾರ್ಮೋನುಗಳ ಏರುಪೇರೇ ಕಾರಣ. ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ಹೋಗಿಬಿಡುತ್ತದೆ. ಇದನ್ನು ಹಿಡಿದು ಗೆಳೆಯನನ್ನು ಗೇಲಿ ಮಾಡುವುದು ತರವಲ್ಲ.

ಕ್ಯಾನ್ಸರ್ ಅಲ್ಲದ ಈ ತೊಂದರೆಗಳನ್ನು ವೈದ್ಯರು ಬೇರೆಯಾಗಿಯೇ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಲಂಡನ್ನಿನ ಶಸ್ತ್ರವೈದ್ಯ ಆ್ಯಸ್ಟ್ಲಿ ಕೂಪರ್ 1829ರಲ್ಲಿಯೇ ಇವುಗಳ ಕುರಿತು ಚಿತ್ರಸಹಿತ ಗ್ರಂಥ ಪ್ರಕಟಿಸಿದ್ದರು.

ಹಾಗಾದರೆ ಗಂಟು ಕಂಡರೂ ಸುಮ್ಮನಿರಬಹುದೇ? ಖಂಡಿತ ಇಲ್ಲ. ಕ್ಯಾನ್ಸರ್ ಗಂಟೂ ಆರಂಭದಲ್ಲಿ ಬಹುತೇಕ ನೋಯುವುದಿಲ್ಲ. ಕೈಯಿಂದ ಮುಟ್ಟಿ ನೋಡಿದ ಮಾತ್ರಕ್ಕೆ ಮನೆಯಲ್ಲಿ ಯಾರೂ ತೀರ್ಮಾನ ಹೇಳಲಾಗದು. ಆದುದರಿಂದ ವೈದ್ಯರು ಮೂರು ಹಂತಗಳಲ್ಲಿ ನೋಡುತ್ತಾರೆ: ಕೈಯಿಂದ ಪರೀಕ್ಷೆ, ಸ್ಕ್ಯಾನಿಂಗ್, ಅಗತ್ಯವಿದ್ದರೆ ಸೂಜಿಯಿಂದ ಜೀವಕೋಶ ಅಥವಾ ಅಂಗಾಂಶದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ಪರೀಕ್ಷೆ. ಎಳೆಯ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಕ್ಷಕಿರಣದ ಮ್ಯಾಮೋಗ್ರಾಮ್‌ಗಿಂತ ಅಲ್ಟ್ರಾಸೌಂಡ್ ಹೆಚ್ಚು ಉಪಯುಕ್ತ.

ಮುಟ್ಟು ಮುಗಿದ ಮೇಲೂ ಉಳಿಯುವ ಅಥವಾ ಬೆಳೆಯುವ ಗಂಟು, ತೊಟ್ಟಿನಿಂದ ರಕ್ತ, ಚರ್ಮದಲ್ಲಿ ಗುಳಿ, ಹೊಸದಾಗಿ ಒಳಸೇರಿದ ತೊಟ್ಟು, ಕಂಕುಳಲ್ಲಿ ಗಂಟು: ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ. ಸುಣ್ಣ ಹಚ್ಚುವುದು, ಬರೆ ಹಾಕುವುದು, ಹಿಚುಕುವುದು ಬೇಡ. ಮೊದಲು ತಾಯಿಗೋ ಅಕ್ಕನಿಗೋ ಹೇಳಿ. ಊರಿನ ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಸವದತ್ತಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದರೆ, ಮುಂದಿನ ಪರೀಕ್ಷೆ ಬೇಕಾದಾಗ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಗೋ ಹೋಗಬಹುದು. ಮಹಿಳಾ ವೈದ್ಯರೇ ನೋಡಲಿ ಎಂದು ಕೇಳಿಕೊಳ್ಳಲು, ಪರೀಕ್ಷೆಯ ವೇಳೆ ತಾಯಿ ಜೊತೆಗಿರಲಿ ಎನ್ನಲು ಸಂಕೋಚ ಬೇಡ.

ಮೂವತ್ತು ದಾಟಿದ ಮಹಿಳೆಯರಿಗೆ ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲಿ ಸ್ತನ ಪರೀಕ್ಷೆಯೂ ಸೇರಿದೆ. ಇದನ್ನು ನಿಮ್ಮ ತಾಯಂದಿರಿಗೆ ತಿಳಿಸಿ. ಪರೀಕ್ಷೆ ಮಾಡಿಸಿಕೊಂಡ ಹೆಚ್ಚಿನವರು ನೆಮ್ಮದಿಯಿಂದಲೇ ಮನೆಗೆ ಮರಳುತ್ತಾರೆ. ಚಿಕಿತ್ಸೆ ಬೇಕಾದ ಕೆಲವರಿಗೆ ಅದು ಸಕಾಲದಲ್ಲಿ ದೊರೆಯುತ್ತದೆ.